ಹಳೆಯ ಕಾರಿನ ಖರೀದಿ ಮತ್ತು ತಯಾರಕರ ‘ರೀಕಾಲ್’ ಪ್ರಕಟಣೆ: ವ್ಯಾಪಾರಸ್ಥರು ಗಮನಿಸಬೇಕಾದ ಸಂಗತಿಗಳು

ಬಾಗಲಕೋಟೆ, ಬಾದಾಮಿ, ಹುನಗುಂದ ಹಾಗೂ ಇಳಕಲ್ಲ ಭಾಗದ ವ್ಯಾಪಾರಸ್ಥರಲ್ಲಿ ಮತ್ತು ಸಣ್ಣ ಉದ್ದಿಮೆದಾರರಲ್ಲಿ ಅನೇಕರು ಹೊಸ ಕಾರಿನ ಬದಲು ಉಪಯೋಗಿಸಿದ ಕಾರನ್ನು ಕೊಳ್ಳುತ್ತಾರೆ. ಸೀರೆಯ ಗಂಟು ಸಾಗಿಸುವ ವ್ಯಾನ್ ಇರಲಿ, ಗ್ರಾನೈಟ್ ಕ್ವಾರಿಗೆ ಓಡಾಡುವ ಗಾಡಿ ಇರಲಿ, ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡಲು ಬರುವ ಪ್ರವಾಸಿಗರಿಗೆ ಬಾಡಿಗೆಗೆ ಬಿಡುವ ಟ್ಯಾಕ್ಸಿ ಇರಲಿ, ಹಣವನ್ನು ವಾಹನದಲ್ಲಿ ಹೂಡುವುದಕ್ಕಿಂತ ಸರಕಿನಲ್ಲಿ ಹೂಡುವುದು ಲೇಸೆಂಬುದು ವ್ಯಾಪಾರಿಯ ಲೆಕ್ಕಾಚಾರ. ಲೆಕ್ಕ ಸರಿಯಾದದ್ದೇ. ವ್ಯವಹಾರ ಕುದುರಿಸುವಾಗ ಎಷ್ಟು ಕಿಲೋಮೀಟರ್ ಓಡಿದೆ, ಟಾಯರ್ ಹೇಗಿವೆ, ಸಾಲ ತೀರಿದೆಯೇ, ಬ್ಯಾಂಕಿನ ಎನ್.ಓ.ಸಿ. ಕೈಯಲ್ಲಿದೆಯೇ, ವಿಮೆ ಯಾವಾಗ ಮುಗಿಯುತ್ತದೆ ಎಂಬ ಪ್ರಶ್ನೆಗಳನ್ನು ಎಲ್ಲರೂ ಕೇಳುತ್ತಾರೆ. ಆದರೆ ಈ ಗಾಡಿಯ ಮೇಲೆ ತಯಾರಕರು ಎಂದಾದರೂ ರೀಕಾಲ್ ಹೊರಡಿಸಿದ್ದರೇ, ಹೊರಡಿಸಿದ್ದರೆ ಆ ಕೆಲಸ ಈ ಗಾಡಿಗೆ ಆಗಿದೆಯೇ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ.

ಪತ್ರಿಕೆಗಳು ‘ವಾಹನ ವಾಪಸಾತಿ’ ಎಂದು ಬರೆಯುವುದರಿಂದ ರೀಕಾಲ್ ಎಂದರೆ ಕಂಪನಿಯು ಕಾರನ್ನು ಮರಳಿ ಪಡೆದು ಹಣ ಕೊಡುತ್ತದೆ ಎಂಬ ತಪ್ಪು ಕಲ್ಪನೆ ಹರಡಿದೆ. ವಾಸ್ತವವಾಗಿ ನೂರಕ್ಕೆ ತೊಂಬತ್ತು ಸಂದರ್ಭಗಳಲ್ಲಿ ಅದು ಒಂದು ಬಿಡಿಭಾಗವನ್ನು ಪರೀಕ್ಷಿಸಿ, ದೋಷವಿದ್ದರೆ ಪುಕ್ಕಟೆಯಾಗಿ ಬದಲಾಯಿಸಿಕೊಡುವ ವ್ಯವಸ್ಥೆ. ನಿರ್ದಿಷ್ಟ ಅವಧಿಯಲ್ಲಿ ತಯಾರಾದ ಗಾಡಿಗಳಲ್ಲಿ ಒಂದೇ ತೆರನಾದ ದೋಷ ಕಂಡುಬಂದು, ಅದರಿಂದ ಸುರಕ್ಷತೆಗೆ ಅಪಾಯವಿದ್ದಾಗ ಇದನ್ನು ಕೈಗೊಳ್ಳಲಾಗುತ್ತದೆ. ವಾರಂಟಿ ಮುಗಿದಿದ್ದರೂ, ಗಾಡಿ ಎಷ್ಟು ಕೈ ಬದಲಾಗಿದ್ದರೂ ಈ ದುರಸ್ತಿಗೆ ಮಾಲೀಕನು ಹಣ ತೆರಬೇಕಾಗಿಲ್ಲ. ವಾರಂಟಿಗೂ ರೀಕಾಲ್‌ಗೂ ಇರುವ ಮುಖ್ಯ ವ್ಯತ್ಯಾಸ ಇದೇ.

ಇನ್ನೋವಾದ ಉದಾಹರಣೆ

ನಮ್ಮ ರಾಜ್ಯದಲ್ಲಿಯೇ ತಯಾರಾಗುವ ಹಾಗೂ ಉತ್ತರ ಕರ್ನಾಟಕದ ರಸ್ತೆಗಳಲ್ಲಿ ಎಲ್ಲೆಡೆ ಕಾಣುವ ಟೊಯೋಟಾ ಇನ್ನೋವಾ ಗಾಡಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಲ್ಲಿರುವ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಕ್ವಾಲಿಸ್ ಗಾಡಿಯ ಬದಲಿಯಾಗಿ 2005ರ ಫೆಬ್ರವರಿಯಲ್ಲಿ ಇನ್ನೋವಾ ಹೊರಬಂದಿತು. 2016ರಲ್ಲಿ ಕ್ರಿಸ್ಟಾ ಬರುವವರೆಗೂ ಮೊದಲನೆಯ ಪೀಳಿಗೆಯ ಇನ್ನೋವಾ ಮಾರಾಟವಾಯಿತು. ‘ಎಂಜಿನ್ನಿಗೆ ಸಾವಿಲ್ಲ’ ಎಂಬ ಹೆಸರು ಪಡೆದ ಗಾಡಿ ಇದು. ಹಳೆಯದಾದರೂ ಇದಕ್ಕೆ ಬೆಲೆ ಇಳಿಯುವುದಿಲ್ಲ.

ಇಂತಹ ಗಾಡಿಗೂ 2014ರ ಏಪ್ರಿಲ್ ತಿಂಗಳಿನಲ್ಲಿ ರೀಕಾಲ್ ಬಂದಿತು. ಜಗತ್ತಿನಾದ್ಯಂತ ಟೊಯೋಟಾ ಕಂಪನಿಯು ಅಂದು 63 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಕರೆಸಿಕೊಂಡಿತು. ಅವುಗಳಲ್ಲಿ ಭಾರತದ ಪಾಲು 44,989. ಇಲ್ಲಿನ ಪಟ್ಟಿಯಲ್ಲಿ 2005ರ ಫೆಬ್ರವರಿಯಿಂದ 2008ರ ಡಿಸೆಂಬರ್‌ವರೆಗೆ ತಯಾರಾದ ಇನ್ನೋವಾ ಗಾಡಿಗಳು ಸೇರಿದ್ದವು. ದೋಷವಿದ್ದದ್ದು ಸ್ಟೀರಿಂಗ್ ಚಕ್ರದ ಒಳಗಿನ ಸುರುಳಿ ಕೇಬಲ್‌ನಲ್ಲಿ. ಸ್ಟೀರಿಂಗ್ ತಿರುಗಿದಂತೆಲ್ಲ ಸುತ್ತಿಕೊಂಡು ಬಿಚ್ಚಿಕೊಳ್ಳುವ ಈ ಚಪ್ಪಟೆ ತಂತಿಯ ಮೂಲಕವೇ ಚಾಲಕನ ಏರ್‌ಬ್ಯಾಗ್‌ಗೆ ವಿದ್ಯುತ್ ಸಂಪರ್ಕ ದೊರೆಯುತ್ತದೆ. ತಂತಿ ಸವೆದು ಸಂಪರ್ಕ ತಪ್ಪಿದರೆ ಡಿಕ್ಕಿಯಾದಾಗ ಏರ್‌ಬ್ಯಾಗ್ ತೆರೆಯದೆ ಹೋಗಬಹುದು. ಗಾಡಿ ಎಂದಿನಂತೆಯೇ ಓಡುತ್ತದೆ, ಬ್ರೇಕ್ ಹಿಡಿಯುತ್ತದೆ, ಮೈಲೇಜ್ ಕೊಡುತ್ತದೆ. ಓಡಿಸಿ ನೋಡಿದವನಿಗೆ ಏನೂ ತಿಳಿಯುವುದಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಒಂದು ಕೆಂಪು ದೀಪ ಉರಿಯುತ್ತಿರುತ್ತದೆ, ಅಷ್ಟೇ.

ಆ ದೀಪದ ಬಗ್ಗೆ ಒಂದು ಮಾತು. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಕೀಲಿ ತಿರುವಿದಾಗ ಆ ದೀಪ ಕೆಲವು ಸೆಕೆಂಡುಗಳ ಕಾಲ ಹೊತ್ತಿ ತಾನಾಗಿಯೇ ಆರಬೇಕು. ಆರದೆ ಉರಿಯುತ್ತಲೇ ಇದ್ದರೆ ವ್ಯವಸ್ಥೆಯಲ್ಲಿ ದೋಷವಿದೆ. ಹೊತ್ತಿಕೊಳ್ಳಲೇ ಇಲ್ಲವೆಂದರೆ ಇನ್ನೂ ಹೆಚ್ಚಿನ ಅನುಮಾನಕ್ಕೆ ಎಡೆಯಿದೆ: ಮಾರಾಟಕ್ಕೆ ಮುನ್ನ ಯಾರೋ ಆ ದೀಪದ ಸಂಪರ್ಕವನ್ನೇ ಕತ್ತರಿಸಿರಬಹುದು. ಸಾಮಾನ್ಯವಾಗಿ ಹಾರ್ನ್‌ನ ಸಂಪರ್ಕವೂ ಅದೇ ಸುರುಳಿಯ ಮೂಲಕ ಹಾಯುವುದರಿಂದ, ಸ್ಟೀರಿಂಗ್ ತಿರುಗಿಸಿದಾಗ ಹಾರ್ನ್ ಬಿಟ್ಟು ಬಿಟ್ಟು ಕೆಲಸ ಮಾಡಿದರೆ ಅದನ್ನೂ ಸೂಚನೆಯಾಗಿ ಪರಿಗಣಿಸಬೇಕು. ಅಂದಿನ ದಿನಗಳಲ್ಲಿ ಮೇಲ್ದರ್ಜೆಯ ಮಾದರಿಗಳಲ್ಲಿ ಮಾತ್ರ ಏರ್‌ಬ್ಯಾಗ್ ಇರುತ್ತಿತ್ತು. ಚಾಲಕನ ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಆದ್ದರಿಂದ ಏರ್‌ಬ್ಯಾಗ್ ಇದೆಯೆಂದು ಹೆಚ್ಚಿನ ಬೆಲೆ ಕೊಟ್ಟು ಮೇಲ್ದರ್ಜೆಯ ಹಳೆಯ ಗಾಡಿ ಕೊಳ್ಳುವವನೇ ಈ ಪ್ರಶ್ನೆಯನ್ನು ಮೊದಲು ಕೇಳಬೇಕಾಗುತ್ತದೆ.

ದಿನಾಂಕದ ವಿಷಯದಲ್ಲಿಯೂ ಎಚ್ಚರ ಅಗತ್ಯ. ರೀಕಾಲ್ ಪಟ್ಟಿಗಳನ್ನು ಗಾಡಿ ತಯಾರಾದ ದಿನಾಂಕದ ಮೇಲೆ ರೂಪಿಸಲಾಗುತ್ತದೆ, ನೋಂದಣಿಯ ದಿನಾಂಕದ ಮೇಲೆ ಅಲ್ಲ. 2008ರ ನವೆಂಬರ್‌ನಲ್ಲಿ ತಯಾರಾಗಿ 2009ರ ಫೆಬ್ರವರಿಯಲ್ಲಿ ನೋಂದಣಿಯಾದ ಗಾಡಿಯನ್ನು ಮಾರುಕಟ್ಟೆಯಲ್ಲಿ ‘2009ರ ಮಾಡೆಲ್’ ಎಂದೇ ಕರೆಯುತ್ತಾರೆ. ಕೊಳ್ಳುವವನು ತನ್ನ ಗಾಡಿ ಪಟ್ಟಿಯಿಂದ ಹೊರಗಿದೆ ಎಂದು ನಿಶ್ಚಿಂತನಾಗುತ್ತಾನೆ. ಆರ್.ಸಿ.ಯಲ್ಲಿ ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ಪ್ರತ್ಯೇಕವಾಗಿ ನಮೂದಿಸಿರುತ್ತಾರೆ, ನೋಡಬೇಕಾದದ್ದು ಅದನ್ನು.

ಪತ್ರ ಯಾರ ಮನೆಗೆ ಹೋಗುತ್ತದೆ?

2014ರಲ್ಲಿ ಪ್ರಕಟಣೆ ಹೊರಬಿದ್ದಾಗ ಆ ಇನ್ನೋವಾಗಳಿಗೆ ಐದರಿಂದ ಒಂಬತ್ತು ವರ್ಷ ವಯಸ್ಸಾಗಿತ್ತು. ಅಷ್ಟು ಹೊತ್ತಿಗೆ ಒಂದು ಗಾಡಿ ಬೆಂಗಳೂರಿನ ಕಂಪನಿಯಿಂದ ಹುಬ್ಬಳ್ಳಿಯ ದಲ್ಲಾಳಿಗೆ, ಅಲ್ಲಿಂದ ಹುನಗುಂದದ ಗುತ್ತಿಗೆದಾರರಿಗೆ ಬಂದಿರುವುದು ಸಹಜ. ಕಂಪನಿಯು ಪತ್ರ ಕಳುಹಿಸುವುದು, ದೂರವಾಣಿ ಮಾಡುವುದು ತನ್ನ ದಾಖಲೆಯಲ್ಲಿರುವ ವಿಳಾಸಕ್ಕೆ. ಆ ದಾಖಲೆಯಲ್ಲಿ ಸಾಮಾನ್ಯವಾಗಿ ಇರುವುದು ಮೊದಲನೆಯ ಖರೀದಿದಾರನ ಹೆಸರು ಅಥವಾ ಕೊನೆಯ ಬಾರಿ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಗಾಡಿ ತಂದವನ ಮೊಬೈಲ್ ಸಂಖ್ಯೆ. ದೋಷವು ಚಾಸಿಸ್ ಸಂಖ್ಯೆಯ ಜೊತೆ ಸಾಗಿ ಬಂದರೂ ಸೂಚನಾಪತ್ರವು ಹಳೆಯ ವಿಳಾಸದಲ್ಲಿಯೇ ಉಳಿಯುತ್ತದೆ. ಎರಡನೆಯ, ಮೂರನೆಯ ಮಾಲೀಕನಿಗೆ ಯಾರೂ ತಿಳಿಸುವುದಿಲ್ಲ. ಅವನೇ ಹೋಗಿ ಕೇಳಬೇಕು.

ಇದಕ್ಕೆ ಪೂರಕವಾಗಿ ನಮ್ಮ ಭಾಗದಲ್ಲಿ ಇನ್ನೊಂದು ಕೆಟ್ಟ ರೂಢಿಯಿದೆ. ನಮೂನೆ 29 ಮತ್ತು 30ರ ಮೇಲೆ ಸಹಿ ಪಡೆದು, ಹೆಸರು ವರ್ಗಾವಣೆ ಮಾಡಿಸದೆ, ‘ಮುಂದೆ ಮಾರುವಾಗ ನೇರವಾಗಿ ಅವರ ಹೆಸರಿಗೇ ಮಾಡಿಸೋಣ’ ಎಂದು ವರ್ಷಗಟ್ಟಲೆ ಗಾಡಿ ಓಡಿಸುವುದು. ಮೋಟಾರು ವಾಹನ ಕಾಯ್ದೆಯ ಕಲಂ 50ರ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸತಕ್ಕದ್ದು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿಯಲ್ಲಿ, ಕಾರು ಹಲವರ ಕೈ ದಾಟಿದ್ದರೂ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತ ಪರಿಹಾರಕ್ಕೆ ಹೊಣೆ ಎಂದು ತೀರ್ಪು ನೀಡಿದೆ. ಅಂದರೆ ಹೆಸರು ಬದಲಾಯಿಸದ ಗಾಡಿಯ ರೀಕಾಲ್ ಪತ್ರ ಕೊಂಡವನಿಗೆ ತಲುಪುವುದಿಲ್ಲ, ಆ ದೋಷದಿಂದ ಅಪಘಾತವಾದರೆ ನ್ಯಾಯಾಲಯದ ನೋಟೀಸು ಮಾತ್ರ ಮಾರಿದವನಿಗೆ ತಲುಪುತ್ತದೆ. ಕೆಲವು ಸಾವಿರ ರೂಪಾಯಿಗಳ ಉಳಿತಾಯಕ್ಕೆ ಇಬ್ಬರೂ ತೆರುವ ಬೆಲೆ ಇದು.

ಸಣ್ಣ ಭಾಗ, ದೊಡ್ಡ ಅಪಾಯ

ರೀಕಾಲ್ ಎಂದರೆ ಕಂಪನಿಗಳ ಜಾಹೀರಾತು ತಂತ್ರ ಎಂದು ತಳ್ಳಿಹಾಕುವವರೂ ಇದ್ದಾರೆ. ಅವರು ಜಪಾನಿನ ತಕಾಟಾ ಕಂಪನಿಯ ಕಥೆಯನ್ನು ತಿಳಿಯಬೇಕು. ಹಲವು ಕಾರು ಕಂಪನಿಗಳಿಗೆ ಅದು ಪೂರೈಸಿದ್ದ ಏರ್‌ಬ್ಯಾಗ್‌ಗಳ ಗಾಳಿ ತುಂಬುವ ಭಾಗದಲ್ಲಿ ಅಮೋನಿಯಂ ನೈಟ್ರೇಟ್ ಬಳಸಲಾಗಿತ್ತು. ವರ್ಷಗಳ ಕಾಲ ಶಾಖ ಮತ್ತು ತೇವಾಂಶಕ್ಕೆ ಒಡ್ಡಿಕೊಂಡಾಗ ಆ ರಾಸಾಯನಿಕ ಕೆಡುತ್ತದೆ. ಡಿಕ್ಕಿಯಾದಾಗ ಮಿತಿಮೀರಿದ ವೇಗದಲ್ಲಿ ಸ್ಫೋಟಿಸಿ ಲೋಹದ ಚೂರುಗಳನ್ನು ಸವಾರನತ್ತ ಎಸೆಯುತ್ತದೆ. ಅಮೆರಿಕಾ ಒಂದರಲ್ಲಿಯೇ 25ಕ್ಕೂ ಹೆಚ್ಚು ಜನ ಇದರಿಂದ ಮೃತಪಟ್ಟರು. 2017ರಲ್ಲಿ ತಕಾಟಾ ದಿವಾಳಿಯಾಯಿತು. ಭಾರತದಲ್ಲಿ ಹೋಂಡಾ ಕಂಪನಿಯು ಇದೇ ಕಾರಣಕ್ಕೆ 2016ರ ಜುಲೈನಲ್ಲಿ 1,90,578 ಕಾರುಗಳನ್ನು, 2017ರ ಜನವರಿಯಲ್ಲಿ 2012ರಲ್ಲಿ ತಯಾರಾದ 41,580 ಕಾರುಗಳನ್ನು, 2018ರ ಜನವರಿಯಲ್ಲಿ 2013ರ 22,834 ಕಾರುಗಳನ್ನು ಕರೆಸಿಕೊಂಡಿತು. ಹಳೆಯ ಸಿಟಿ, ಜಾಝ್ ಕೊಳ್ಳುವವರು ಈ ಸಂಖ್ಯೆಗಳನ್ನು ನೆನಪಿನಲ್ಲಿಡಬೇಕು. ಗಾಡಿ ಹಳೆಯದಾದಷ್ಟೂ ಅಪಾಯ ಹೆಚ್ಚುವ ದೋಷವಿದು. ‘ಇಷ್ಟು ವರ್ಷ ಏನೂ ಆಗಿಲ್ಲವಲ್ಲ’ ಎಂಬ ಸಮಾಧಾನ ಇಲ್ಲಿ ತಲೆಕೆಳಗು.

ಇನ್ನೊಂದು ವಿಚಿತ್ರ ಸಂದರ್ಭ 2024ರ ಅಕ್ಟೋಬರ್‌ನದು. ಹೋಂಡಾ ಕಂಪನಿಯು ಇಂಧನ ಪಂಪ್ ಬದಲಾಯಿಸಲು 90,468 ಕಾರುಗಳನ್ನು ಕರೆಯಿತು. ಅದರ ಜೊತೆಗೆ ಇನ್ನೂ 2,204 ಕಾರುಗಳನ್ನು ಸೇರಿಸಿತು. ಅವುಗಳಿಗೆ ಆ ಪಂಪನ್ನು ಮುಂಚೆ ಬಿಡಿಭಾಗವಾಗಿ ಜೋಡಿಸಿರುವ ಸಾಧ್ಯತೆಯಿತ್ತು. ಅಂದರೆ ಕಾರ್ಖಾನೆಯಿಂದ ಸರಿಯಾಗಿಯೇ ಬಂದ ಕಾರು ಕೂಡ ದುರಸ್ತಿಯ ಮೂಲಕ ಪಟ್ಟಿಗೆ ಸೇರಬಹುದು. ಸರ್ವಿಸ್ ದಾಖಲೆಯ ಪುಸ್ತಕಕ್ಕೆ ಬೆಲೆಯಿರುವುದು ಇಂತಹ ಕಾರಣಗಳಿಗಾಗಿ.

ವ್ಯಾಪಾರಿಗಳು ಹೆಚ್ಚಾಗಿ ಬಳಸುವ ಗಾಡಿಗಳೂ ಇದಕ್ಕೆ ಹೊರತಲ್ಲ. ಮಾರುತಿ ಈಕೋ ಮತ್ತು ಎಸ್-ಪ್ರೆಸ್ಸೋ ಸೇರಿ 87,599 ವಾಹನಗಳನ್ನು ಸ್ಟೀರಿಂಗ್‌ನ ಟೈ ರಾಡ್ ದೋಷಕ್ಕಾಗಿ 2023ರ ಜುಲೈನಲ್ಲಿ ಕರೆಯಲಾಯಿತು. ಅವು 2021ರ ಜುಲೈ 5ರಿಂದ 2023ರ ಫೆಬ್ರವರಿ 15ರ ನಡುವೆ ತಯಾರಾದವು. ಇಂಧನ ಪಂಪ್‌ಗಾಗಿ 2020ರಲ್ಲಿ 56,663 ವ್ಯಾಗನ್-ಆರ್ ಮತ್ತು 78,222 ಬಲೆನೋ ಕಾರುಗಳು ಪಟ್ಟಿಯಲ್ಲಿದ್ದವು. ಮಹೀಂದ್ರಾ ಕಂಪನಿಯು 2020ರ ಜನವರಿಯಿಂದ 2021ರ ಫೆಬ್ರವರಿವರೆಗೆ ತಯಾರಾದ 29,878 ಪಿಕ್‌ಅಪ್ ವಾಹನಗಳನ್ನು ದ್ರವ ಸಾಗಿಸುವ ಕೊಳವೆಯ ತಪಾಸಣೆಗೆ ಕರೆದಿತ್ತು. ಇಂದು ಹಳೆಯ ಗಾಡಿಗಳ ಮಾರುಕಟ್ಟೆಗೆ ಬರುತ್ತಿರುವುದು ಇದೇ ವರ್ಷಗಳ ಗಾಡಿಗಳು.

ಕಾನೂನು ಏನು ಹೇಳುತ್ತದೆ?

2012ರ ಜುಲೈನಿಂದ ವಾಹನ ತಯಾರಕರ ಸಂಘವಾದ ಸಿಯಾಮ್ ತನ್ನ ಸದಸ್ಯರಿಗೆ ಸ್ವಯಂಪ್ರೇರಿತ ರೀಕಾಲ್ ಸಂಹಿತೆಯನ್ನು ಜಾರಿಗೆ ತಂದಿತು. ಅದು ಕಂಪನಿಗಳ ಸದ್ಭಾವನೆಯನ್ನು ಅವಲಂಬಿಸಿತ್ತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಕಲಂ 110-ಎ ಸೇರಿತು. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಈಗ ಕೇಂದ್ರ ಸರ್ಕಾರವೇ ರೀಕಾಲ್‌ಗೆ ಆದೇಶಿಸಬಹುದು. ಆದೇಶವಾದರೆ ತಯಾರಕನು ಗಾಡಿಯ ಪೂರ್ಣ ಬೆಲೆಯನ್ನು ಮರಳಿಸಬೇಕು, ಅಥವಾ ಅದೇ ದರ್ಜೆಯ ಬೇರೆ ಗಾಡಿ ಕೊಡಬೇಕು, ಅಥವಾ ದುರಸ್ತಿ ಮಾಡಿಕೊಡಬೇಕು. ಜೊತೆಗೆ ವಾಹನಗಳ ಸಂಖ್ಯೆಗೆ ಅನುಗುಣವಾಗಿ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡವಿದೆ. ಕಂಪನಿಯು ತಾನಾಗಿಯೇ ದೋಷವನ್ನು ತಿಳಿಸಿ ಕರೆಸಿಕೊಂಡರೆ ದಂಡವಿಲ್ಲ; ಸ್ವಯಂಪ್ರೇರಿತ ಪ್ರಕಟಣೆಗಳೇ ಹೆಚ್ಚಾಗಿ ಕಾಣಲು ಇದೂ ಒಂದು ಕಾರಣ. ಬೆಲೆ ಮರಳಿಸುವ ಸಂದರ್ಭ ಬಂದರೂ ಸಾಲದ ಮೇಲಿನ ಗಾಡಿಯಾದರೆ ಹಣಕಾಸು ಸಂಸ್ಥೆಯ ಒಪ್ಪಂದಕ್ಕೆ ಅದು ಒಳಪಟ್ಟಿರುತ್ತದೆ. ಹಳೆಯ ಗಾಡಿ ಕೊಂಡವನು ವಾಸ್ತವವಾಗಿ ನಿರೀಕ್ಷಿಸಬೇಕಾದದ್ದು ದುರಸ್ತಿಯನ್ನೇ.

ಹಳೆಯ ಗಾಡಿಯವರಿಗೆ ಮುಖ್ಯವಾದ ಮಿತಿ ಮತ್ತೊಂದು. ಸರ್ಕಾರದ ಕಡ್ಡಾಯ ರೀಕಾಲ್ ನಿಯಮವು ತಯಾರಾದ ದಿನಾಂಕದಿಂದ ಏಳು ವರ್ಷ ತುಂಬದ ವಾಹನಗಳಿಗೆ ಮಾತ್ರ ಅನ್ವಯ. ಇಂದಿನ ದಿನ ಹೊಸ ದೋಷವೊಂದು ಹೊರಬಿದ್ದರೆ ಎಂಟು ವರ್ಷದ ಗಾಡಿಯ ಮಾಲೀಕನಿಗೆ ಈ ನಿಯಮದ ರಕ್ಷಣೆ ಇಲ್ಲ. ಕಂಪನಿಯ ಔದಾರ್ಯವೇ ಗತಿ. ಆದ್ದರಿಂದ ಆರು ವರ್ಷದ ಗಾಡಿಗೂ ಎಂಟು ವರ್ಷದ ಗಾಡಿಗೂ ಬೆಲೆಯಲ್ಲಿ ನಲವತ್ತು ಸಾವಿರ ವ್ಯತ್ಯಾಸವಿದ್ದರೆ, ಆ ವ್ಯತ್ಯಾಸದಲ್ಲಿ ಈ ರಕ್ಷಣೆಯ ಬೆಲೆಯೂ ಸೇರಿದೆ ಎಂದು ತಿಳಿಯಬೇಕು.

ಇನ್ನು ಮಾಲೀಕರ ದೂರುಗಳ ವಿಷಯ. ದೂರುಗಳು ನಿಗದಿತ ಸಂಖ್ಯೆಯನ್ನು ಮುಟ್ಟಿದಾಗ ತನಿಖೆಗೆ ದಾರಿಯಾಗುತ್ತದೆ. ವರ್ಷಕ್ಕೆ 10,000ಕ್ಕಿಂತ ಹೆಚ್ಚು ಮಾರಾಟವಾಗುವ ಕಾರಿನ ವಿಷಯದಲ್ಲಿ ಈ ಸಂಖ್ಯೆ 1,250. 501ರಿಂದ 10,000 ಮಾರಾಟವಾಗುವ ಕಾರಿಗೆ 1,050. ಕೇಂದ್ರ ಸಾರಿಗೆ ಸಚಿವಾಲಯದ ಪೋರ್ಟಲ್‌ನಲ್ಲಿ ಮಾಲೀಕನು ತನ್ನ ಗಾಡಿಯ ವಿವರ ಕೊಟ್ಟು ದೂರು ದಾಖಲಿಸಬಹುದು. ನಮ್ಮ ಕಡೆ ನಡೆಯುವುದೇನು? ವಾರಂಟಿ ಮುಗಿದ ಮರುದಿನವೇ ಗಾಡಿ ಪರಿಚಯದ ಗ್ಯಾರೇಜಿಗೆ ಹೋಗುತ್ತದೆ. ‘ಈ ಗಾಡಿಗೆ ಇದು ಕಾಮನ್ ಪ್ರಾಬ್ಲಂ ಸಾಹೇಬ್ರ’ ಎಂದು ಮಿಸ್ತ್ರಿ ಹೇಳುತ್ತಾನೆ, ಭಾಗ ಬದಲಾಯಿಸುತ್ತಾನೆ, ಹಣ ಪಡೆಯುತ್ತಾನೆ. ‘ಕಾಮನ್ ಪ್ರಾಬ್ಲಂ’ ಎಂಬ ಆ ಮಾತೇ ರೀಕಾಲ್‌ನ ಮೂಲ ಲಕ್ಷಣ! ಆದರೆ ಅದು ಎಲ್ಲಿಯೂ ದಾಖಲಾಗದಿರುವುದರಿಂದ 1,250ರ ಲೆಕ್ಕಕ್ಕೆ ಬಾಗಲಕೋಟೆಯಿಂದ ಒಂದು ದೂರೂ ಸೇರದೆ ಹೋಗಬಹುದು. ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಬ್ಯಾಟರಿಗಳ ಸವಕಳಿ ಈ ಲೆಕ್ಕಕ್ಕೆ ಬರುವುದಿಲ್ಲ. ಸ್ಟೀರಿಂಗ್, ಬ್ರೇಕ್, ಇಂಧನ, ಏರ್‌ಬ್ಯಾಗ್, ವಿದ್ಯುತ್ ತಂತಿಗಳಲ್ಲಿ ಸಕಾರಣವಿಲ್ಲದೆ ಕಾಣಿಸುವ ದೋಷಗಳನ್ನು ತಪ್ಪದೆ ದಾಖಲಿಸಬೇಕು.

ಕಂಪನಿಯೇ ಮಾರಾಟ ನಿಲ್ಲಿಸಿದ್ದರೆ?

ಜನರಲ್ ಮೋಟರ್ಸ್ ಕಂಪನಿಯು 2013ರ ಜುಲೈನಲ್ಲಿ ಹೊಗೆ ಮತ್ತು ತಾಂತ್ರಿಕ ಮಾನದಂಡಗಳ ಪಾಲನೆಯಾಗಿಲ್ಲವೆಂದು 1,14,000 ಷೆವರ್ಲೆ ತವೇರಾ ಗಾಡಿಗಳನ್ನು ಕರೆಯಿತು. 2015ರ ಜುಲೈನಲ್ಲಿ ರಿಮೋಟ್ ಕೀಲಿಯ ದೋಷಕ್ಕಾಗಿ 2007ರಿಂದ 2014ರವರೆಗಿನ 1,55,000 ಸ್ಪಾರ್ಕ್, ಬೀಟ್ ಮತ್ತು ಎಂಜಾಯ್ ಕಾರುಗಳನ್ನು ಕರೆಯಿತು. 2017ರ ಅಂತ್ಯಕ್ಕೆ ಅದು ಭಾರತದಲ್ಲಿ ಕಾರು ಮಾರಾಟವನ್ನೇ ನಿಲ್ಲಿಸಿತು. ಇಂತಹ ಗಾಡಿಗಳು ಅಗ್ಗವಾಗಿ ದೊರೆಯುತ್ತವೆ. ಅಗ್ಗವಾಗಿರಲು ಕಾರಣವೂ ಇದೆ: ಹಳೆಯ ರೀಕಾಲ್ ಕೆಲಸ ಆಗಿರದಿದ್ದರೆ ಅದನ್ನು ಮಾಡಿಸಿಕೊಳ್ಳಲು ಹತ್ತಿರದಲ್ಲಿ ಅಧಿಕೃತ ಕೇಂದ್ರ ಹುಡುಕುವುದೇ ಒಂದು ಕೆಲಸ.

ಮುಂಗಡ ಕೊಡುವ ಮುನ್ನ

ಪರಿಶೀಲನೆ ಕಷ್ಟದ್ದಲ್ಲ. ಆರ್.ಸಿ.ಯಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿಸ್ ಸಂಖ್ಯೆಯನ್ನು ಬರೆದುಕೊಂಡು ಗಾಡಿಯ ಮೇಲಿನ ಮುದ್ರೆಯೊಂದಿಗೆ ಹೋಲಿಸಿ ನೋಡಬೇಕು. ಬಹುತೇಕ ದೊಡ್ಡ ಕಂಪನಿಗಳ ಜಾಲತಾಣಗಳಲ್ಲಿ ಈ ಸಂಖ್ಯೆ ಕೊಟ್ಟರೆ ರೀಕಾಲ್ ಬಾಕಿ ಇದೆಯೇ ಎಂಬುದು ತಿಳಿಯುತ್ತದೆ. ಇಲ್ಲವಾದರೆ ಆ ಕಂಪನಿಯ ಯಾವುದೇ ಊರಿನ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಸಂಖ್ಯೆ ಕೊಟ್ಟು ಕೇಳಬಹುದು. ಗಾಡಿ ಕೊಂಡ ಊರಿಗೇ ಹೋಗಬೇಕೆಂದಿಲ್ಲ. ಬಾಕಿ ಇದ್ದರೆ ಮಾರುವವನೇ ಅದನ್ನು ಮಾಡಿಸಿ ಜಾಬ್ ಕಾರ್ಡ್ ಕೊಡಲಿ ಎಂದು ಷರತ್ತು ಹಾಕುವುದು ಉತ್ತಮ. ಪುಕ್ಕಟೆ ಕೆಲಸವಾದ್ದರಿಂದ ಪ್ರಾಮಾಣಿಕ ಮಾರಾಟಗಾರ ನಿರಾಕರಿಸಲು ಕಾರಣವಿಲ್ಲ. ನಿರಾಕರಿಸಿದರೆ ಗಾಡಿಯ ಬಗ್ಗೆ ಬೇರೇನೋ ತಿಳಿದಂತಾಯಿತು. ಖರೀದಿಯ ನಂತರ ಅದೇ ಕೇಂದ್ರದಲ್ಲಿ ಹೊಸ ಮಾಲೀಕನ ಹೆಸರು ಮತ್ತು ಮೊಬೈಲ್ ಸಂಖ್ಯೆಯನ್ನು ಕಂಪನಿಯ ದಾಖಲೆಗೆ ಸೇರಿಸಿಕೊಳ್ಳಬೇಕು. ದಲ್ಲಾಳಿಯ ಮೂಲಕ ಕೊಳ್ಳುವುದಾದರೆ, 2023ರ ಏಪ್ರಿಲ್ 1ರಿಂದ ನೋಂದಾಯಿತ ವಾಹನಗಳ ವ್ಯಾಪಾರಿಗಳಿಗೆ ಸಾರಿಗೆ ಇಲಾಖೆಯ ಅಧಿಕಾರ ಪತ್ರ ಬೇಕಾಗಿರುವುದರಿಂದ ಅದನ್ನೂ ಕೇಳಿ ನೋಡಬೇಕು.

ವಿವಾದವಾದರೆ

ಏರ್‌ಬ್ಯಾಗ್ ತೆರೆಯದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2022ರ ಏಪ್ರಿಲ್ 20ರಂದು ನೀಡಿದ ತೀರ್ಪು ಉಲ್ಲೇಖನೀಯ. 2015ರಲ್ಲಿ ಕೊಂಡ ಹ್ಯುಂಡೈ ಕ್ರೆಟಾ ಕಾರು 2017ರಲ್ಲಿ ಅಪಘಾತಕ್ಕೀಡಾದಾಗ ಏರ್‌ಬ್ಯಾಗ್ ತೆರೆದುಕೊಳ್ಳಲಿಲ್ಲ. ಡಿಕ್ಕಿಯ ವೇಗ, ಬಲಗಳ ಸಿದ್ಧಾಂತವನ್ನು ಲೆಕ್ಕಹಾಕುವುದು ಗ್ರಾಹಕನ ಕೆಲಸವಲ್ಲವೆಂದು ಹೇಳಿದ ನ್ಯಾಯಾಲಯ, 3 ಲಕ್ಷ ರೂಪಾಯಿ ಪರಿಹಾರ ಮತ್ತು ಬದಲಿ ವಾಹನ ನೀಡುವ ಆದೇಶವನ್ನು ಎತ್ತಿಹಿಡಿಯಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆಗೆ ಪ್ರತ್ಯೇಕ ಅಧ್ಯಾಯವೇ ಇದೆ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಬಾಗಲಕೋಟೆಯ ಜಿಲ್ಲಾ ಗ್ರಾಹಕರ ಆಯೋಗದಲ್ಲಿಯೇ, ಕಾರಣ ಉದ್ಭವಿಸಿದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು.

ಆದರೆ ವ್ಯಾಪಾರಸ್ಥರಿಗೆ ಇಲ್ಲೊಂದು ತೊಡಕಿದೆ. ವಾಣಿಜ್ಯ ಉದ್ದೇಶಕ್ಕೆ ಕೊಂಡ ವಸ್ತುವಿನ ಮಾಲೀಕನು ಆ ಕಾಯ್ದೆಯಡಿ ‘ಗ್ರಾಹಕ’ ಅಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿ ಕೊಂಡವನಿಗೆ ಮಾತ್ರ ವಿನಾಯಿತಿ. ತಾನೇ ಓಡಿಸುವ ಒಂದೇ ಟ್ಯಾಕ್ಸಿಯ ಮಾಲೀಕನಿಗೆ ಈ ವಿನಾಯಿತಿಯ ಆಸರೆಯಿದೆ, ಐದು ಟ್ಯಾಕ್ಸಿ ಇಟ್ಟು ಚಾಲಕರನ್ನು ನೇಮಿಸಿದವನಿಗೆ ಕಷ್ಟ. ನಿರ್ದೇಶಕರ ಓಡಾಟಕ್ಕೆ ಕಂಪನಿ ಕೊಂಡ ಕಾರು ಅಷ್ಟರಿಂದಲೇ ವಾಣಿಜ್ಯ ಉದ್ದೇಶದ್ದಾಗುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು ಡೈಮ್ಲರ್ ಕ್ರೈಸ್ಲರ್ ಪ್ರಕರಣದಲ್ಲಿ 2024ರ ಜುಲೈನಲ್ಲಿ ಹೇಳಿರುವುದು ಸಂಸ್ಥೆಗಳಿಗೆ ಅನುಕೂಲಕರ. ಖಾಸಗಿ ವ್ಯಕ್ತಿಯೊಬ್ಬ ತನ್ನ ಸ್ವಂತ ಕಾರು ಮಾರಿದ್ದರೆ ಸರಕು ಮಾರಾಟ ಕಾಯ್ದೆಯ ‘ಕೊಳ್ಳುವವನೇ ಎಚ್ಚರ ವಹಿಸತಕ್ಕದ್ದು’ ಎಂಬ ತತ್ವ ಅನ್ವಯಿಸುತ್ತದೆ. ತಿಳಿದೂ ದೋಷ ಮುಚ್ಚಿಟ್ಟು ಮೋಸ ಮಾಡಿದ್ದನ್ನು ಸಾಬೀತುಪಡಿಸಿದರೆ ಮಾತ್ರ ಪರಿಹಾರ.

ಸಂಸ್ಥೆಯೇ ತನ್ನ ಹಳೆಯ ಕಾರನ್ನು ಮಾರುವಾಗ ಜಿ.ಎಸ್.ಟಿ. ಮರೆಯಬಾರದು. ಖರೀದಿಯ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಪಡೆಯದ ನೋಂದಾಯಿತ ವ್ಯಾಪಾರಿಯು, ಸವಕಳಿ ಕಳೆದ ಪುಸ್ತಕ ಬೆಲೆಗಿಂತ ಹೆಚ್ಚು ಬಂದ ಮೊತ್ತದ ಮೇಲೆ ಮಾತ್ರ ತೆರಿಗೆ ಕೊಡಬೇಕು; 2025ರ ಜನವರಿ 16ರಿಂದ ಈ ದರ ಶೇ. 18. ಉದಾಹರಣೆಗೆ ಆದಾಯ ತೆರಿಗೆಯ ಲೆಕ್ಕದಲ್ಲಿ 3,60,000 ರೂಪಾಯಿ ಉಳಿದಿರುವ ಕಾರನ್ನು 4,20,000 ರೂಪಾಯಿಗೆ ಮಾರಿದರೆ 60,000 ರೂಪಾಯಿಯ ಮೇಲೆ 10,800 ರೂಪಾಯಿ ತೆರಿಗೆ. ಪುಸ್ತಕ ಬೆಲೆಗಿಂತ ಕಡಿಮೆಗೆ ಮಾರಿದರೆ ತೆರಿಗೆಯಿಲ್ಲ. ಆ ಬಿಲ್ಲಿನಲ್ಲಿ ಚಾಸಿಸ್ ಸಂಖ್ಯೆ, ತಯಾರಿಕೆಯ ತಿಂಗಳು ಹಾಗೂ ‘ತಯಾರಕರ ರೀಕಾಲ್ ಕೆಲಸ ಇಂತಹ ದಿನಾಂಕದಂದು ಆಗಿದೆ’ ಅಥವಾ ‘ಬಾಕಿ ಇದೆ, ಕೊಳ್ಳುವವರಿಗೆ ತಿಳಿಸಲಾಗಿದೆ’ ಎಂಬ ಒಂದು ಸಾಲನ್ನು ಬರೆದು, ಕೊಂಡವನ ಸಹಿ ಪಡೆದು, ಒಂದು ಪ್ರತಿಯನ್ನು ವರ್ಗಾವಣೆಯ ರಸೀದಿಯೊಂದಿಗೆ ಕಡತದಲ್ಲಿ ಇಟ್ಟುಕೊಳ್ಳಬೇಕು.